ಕ್ಲಚ್ಚಿಲ್ಲದ ಗಾಡಿ

ಆಫೀಸಿನವರೆಲ್ಲ ಅವನನ್ನು ಬೆಣ್ಣೆ ಎಂದೇ ಕರೆಯುತ್ತಿದ್ದರು. ಸರ್ಕಾರಿ ಕಾರಿನ ಡ್ರೈವರು. ಅವನು ಗೇರು ಬದಲಾಯಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹಿಂದಿನ ಸೀಟಿನಲ್ಲಿ ಫೈಲು ಓದುತ್ತ ಕೂತವರಿಗೆ ಒಂದಕ್ಷರವೂ ಅಲುಗುತ್ತಿರಲಿಲ್ಲ. “ಹೆಸರಷ್ಟೇ ಬೆಣ್ಣೆ, ಬಾಯಿ ಒಣಮೆಣಸಿನಕಾಯಿ” ಎಂದು ಹೆಂಡತಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಏರುದಾರಿಯಲ್ಲಿ ಕಾರು ಕೆಟ್ಟು ನಿಂತಿತು. ಹ್ಯಾಂಡ್‌ಬ್ರೇಕು ಸವೆದಿದೆ ಎಂದು ಅವನು ಹೇಳಿ ಹೇಳಿ ಸುಮ್ಮನಾಗಿದ್ದ. ಚಕ್ರಕ್ಕೆ ಕಲ್ಲು ಕೊಡಲು ಇಳಿದ. ಕಾರು ಹಿಂದಕ್ಕೆ ಜಾರಿ ಎಡಗಾಲಿನ ಮೇಲೆಯೇ ಹತ್ತಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ಪಾದದ ಕೀಲು ಮರದ ತುಂಡಿನ ಹಾಗೆ ಸೆಟೆದು ನಿಂತಿತು. ಕ್ಲಚ್ಚು ಒತ್ತುವುದು ಎಡಗಾಲಲ್ಲವೇ?

ಅವನ ಬಾಮೈದನ ಬಳಿ ಒಂದು ಆಟೋಮ್ಯಾಟಿಕ್ ಕಾರಿತ್ತು. ಕ್ಲಚ್ಚೂ ಇಲ್ಲ, ಗೇರು ಬದಲಾಯಿಸುವ ಗೋಜೂ ಇಲ್ಲ. “ಭಾವ, ಬಲಗಾಲೊಂದಿದ್ರೆ ಸಾಕು, ಕೂತ್ಕೊಳ್ಳಿ” ಎಂದು ಅವನು ಬಲವಂತ ಮಾಡಿದ. ಬೆಣ್ಣೆ ಖಾಲಿ ಮೈದಾನದಲ್ಲಿ ಒಂದು ಸುತ್ತು ಹೊಡೆದ, ಇನ್ನೊಂದು ಹೊಡೆದ, ಇಳಿಯಲೇ ಇಲ್ಲ. ಕೊನೆಗೆ ಕತ್ತು ತಿರುಗಿಸಿ ಕಣ್ಣೊರೆಸಿಕೊಂಡಿದ್ದನ್ನು ಬಾಮೈದ ನೋಡಿಯೂ ನೋಡದವನಂತೆ ಇದ್ದ.

ಮರುದಿನವೇ ಹೋಗಿ ಮ್ಯಾನೇಜರನ್ನು ಕಂಡ. ಗಾಡಿಗಳ ಲೆಕ್ಕ, ಡ್ರೈವರುಗಳ ರಜೆ ಎಲ್ಲ ಅವರ ಕೈಯಲ್ಲೇ.

“ಸಾರ್, ಕ್ಲಚ್ಚಿಲ್ಲದ ಗಾಡಿ ಒಂದು ಕೊಡಿಸಿ. ಮೊದಲಿನ ಹಾಗೇ ಓಡಿಸ್ತೀನಿ.”

“ನಿನ್ನಲ್ಲೇನೂ ತಪ್ಪಿಲ್ಲಪ್ಪ” ಎಂದರು ಮ್ಯಾನೇಜರು, ನಿಜವಾದ ಮರುಕದಿಂದಲೇ. “ತೊಡಕಿರೋದು ಗಾಡೀದು. ಸರ್ಕಾರಿ ಕಾರು ಅಂದ್ರೆ ಕೈಗೇರಿಂದೇ ಆಗಬೇಕು ಅಂತ ನಿಯಮ. ಆಟೋಮ್ಯಾಟಿಕ್ ಅನ್ನೋದು ಶೋಕಿ ಅಂತಿದ್ದ ಕಾಲದಲ್ಲಿ ಬರೆದಿದ್ದು. ಬರೆದವರು ಯಾರೂ ಈಗ ಬದುಕಿಲ್ಲ. ಆದ್ರೂ ನಿಯಮ ನಿಯಮಾನೇ.”

ಹಾಗಾಗಿ ಬೆಣ್ಣೆ ಗೇಟಿಗೆ ಬಂದ. ಒಂದು ತಗಡಿನ ಗೂಡು, ಒಂದು ಸ್ಟೂಲು, ಎತ್ತಿ ಇಳಿಸಲು ಕೆಂಪು ಬಿಳಿ ಪಟ್ಟೆಯ ಅಡ್ಡಗಂಬ. ಪ್ರತಿ ಹೊಸ ಅಧಿಕಾರಿ ಬಂದಾಗಲೂ ಕುಂಟುತ್ತ ಮೆಟ್ಟಿಲು ಹತ್ತಿ ಅದೇ ಮಾತು ಹೇಳುತ್ತಿದ್ದ. ಎಲ್ಲರೂ ತಲೆದೂಗುತ್ತಿದ್ದರು. ಗೋಣು ಅಲ್ಲಾಡಿಸೋಕೆ ಯಾವ ನಿಯಮವೂ ಅಡ್ಡ ಬರೋದಿಲ್ಲ ಎಂದು ಅವನು ಹೆಂಡತಿಯ ಮುಂದೆ ಹಲ್ಲು ಕಡಿಯುತ್ತಿದ್ದ. ವರ್ಷಗಳು ಹೀಗೇ ಸವೆದವು.

ಆಮೇಲೆ ಹೊಸ ದೊಡ್ಡ ಸಾಹೇಬರು ಬಂದರು. ಅವರಿಗೆ ಹಳೆಯ ಕಾರಿನಲ್ಲಿ ಕೂತರೆ ಸೊಂಟ ನೋವು. ಖಾಸಗಿ ಕಂಪನಿಯ ಗೆಳೆಯರ ಕಾರು ಕಂಡರೆ ಹೊಟ್ಟೆ ನೋವು. ವರ್ಷಗಟ್ಟಲೆ ಅಲುಗದ ನಿಯಮ ಒಂದೇ ತಿಂಗಳಲ್ಲಿ ಬೇರುಸಹಿತ ಕಿತ್ತುಬಂತು. ಆಫೀಸಿನ ದೊಡ್ಡ ಹಾಲ್‌ನಲ್ಲಿ ಎಲ್ಲರನ್ನೂ ಸೇರಿಸಿ ಸಾಹೇಬರು, “ಸತ್ತವರು ಬರೆದಿಟ್ಟ ನಿಯಮವನ್ನು ಬದುಕಿರೋರು ಎಷ್ಟು ದಿನ ಹೊರಬೇಕು?” ಎಂದರು. ಚಪ್ಪಾಳೆ ಬಿತ್ತು. ಬಾಗಿಲ ಬಳಿ ನಿಂತಿದ್ದ ಬೆಣ್ಣೆ ಎಲ್ಲರಿಗಿಂತ ಜೋರಾಗಿ ತಟ್ಟಿದ.

“ರೀ, ಸುಮ್ನೆ ಆಸೆ ಕಟ್ಕೋಬೇಡಿ” ಎಂದಳು ಹೆಂಡತಿ. ಹಾಗೆ ಹೇಳುತ್ತಲೇ ಟ್ರಂಕಿನ ತಳದಿಂದ ಡ್ರೈವರ್ ಯೂನಿಫಾರ್ಮು ತೆಗೆದು, ಸಡಿಲವಾಗಿದ್ದ ಗುಂಡಿಯನ್ನು ಹೊಲಿದು, ಇಸ್ತ್ರಿ ಹಾಕಿಟ್ಟಳು.

ಬೆಳಿಗ್ಗೆ ಅದನ್ನೇ ತೊಟ್ಟು ಹೋಗಿ ಮ್ಯಾನೇಜರ ಮುಂದೆ ನಿಂತ. “ನಿಯಮ ಹೋಯ್ತಲ್ಲ ಸಾರ್.”

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. “ಹೋಗಿರೋದು ಗಾಡೀದು ಕಣಪ್ಪ. ಡ್ರೈವರ್ದು ಹಾಗೇ ಇದೆ. ಎರಡೂ ಕಾಲು ನೆಟ್ಟಗಿರಬೇಕು ಅಂತ.”

“ಆವತ್ತು ತೊಡಕು ಗಾಡೀದು, ನಿಂದಲ್ಲ ಅಂದ್ರಿ.”

“ಆವತ್ತು ಕ್ಲಚ್ಚಿಲ್ಲದ ಗಾಡೀನೇ ಇರಲಿಲ್ವಲ್ಲ, ಅಲ್ಲಿಗೇ ಮುಗಿದಿತ್ತು ಮಾತು.”

“ಅದೂ ಹಳೇ ನಿಯಮಾನೇ ತಾನೆ? ಅದನ್ನೂ ತೆಗೀಬಹುದಲ್ವಾ?”

“ತೆಗೀಬಹುದು” ಎಂದರು ಮ್ಯಾನೇಜರು. “ಆದ್ರೆ ಅದು ಯಾರಿಗೆ ಬೇಕಾಗಿದೆ ಹೇಳು?”

ವಾರದ ಕೊನೆಗೆ ಹೊಸ ಕಾರು ಬಂತು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಬೆಣ್ಣೆ ಸ್ಟೂಲಿನಿಂದ ಏಳಲಿಲ್ಲ. ಹಾರ್ನು ಕೂಗಿತು, ಮತ್ತೆ ಕೂಗಿತು. ಆಮೇಲೆ ನಿಧಾನವಾಗಿ ಎದ್ದು, ಅಡ್ಡಗಂಬ ಎತ್ತದೆ, ನೇರ ಹಿಂದಿನ ಕಿಟಕಿಯ ಬಳಿ ಹೋದ. ಗಾಜು ಇಳಿಯಿತು. ತನ್ನ ಕಾಲು, ಆ ನಿಯಮ, ಈ ನಿಯಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

“ಅಯ್ಯೋ, ಮೊದಲೇ ಹೇಳಬಾರದಿತ್ತಾ?” ಎಂದರು ಸಾಹೇಬರು. “ನೋಡೋಣ.” ಗಾಜು ಏರಿತು.

ನೋಡಿದ್ದು ಇಷ್ಟೇ: ಸಾಹೇಬರನ್ನು ಗೇಟಿನಲ್ಲಿ ಕಾಯಿಸಿದ್ದಕ್ಕೆ ಅವನನ್ನು ಅಲ್ಲಿಂದ ತೆಗೆದು, ಕಾರು ತೊಳೆಯುವ ಶೆಡ್ಡಿಗೆ ಹಾಕಿದರು.

ಶೆಡ್ಡಿನಲ್ಲಿ ಆ ಹೊಸ ಕಾರಿನ ಕೀಲಿ ಮೊಳೆಗೆ ನೇತಾಡುತ್ತಿತ್ತು. ತೊಳೆಯಬೇಕೆಂದರೆ ಕಾರನ್ನು ನಲ್ಲಿಯ ಹತ್ತಿರ ತರಬೇಕು, ಒಣಗಿದ ಮೇಲೆ ಒಳಗಿಡಬೇಕು. ಮೊದಲ ದಿನ ಅವನು ಸ್ಟೀರಿಂಗಿನ ಮುಂದೆ ಕೂತು ಹಿಂದಕ್ಕೆ ತೆಗೆಯುತ್ತಿದ್ದಾಗ ಮ್ಯಾನೇಜರು ಬಂದರು. ಬೈಗುಳ ಕಾದು ಕೂತ. ಮ್ಯಾನೇಜರು ಕೈಯಾಡಿಸಿ, “ಮೆತ್ತಗೆ, ಗೋಡೆ ನೋಡ್ಕೊ” ಎಂದು ಹೊರಟರು.

“ಸಾರ್, ಓಡಿಸಬಾರದು ಅಂದಿದ್ರಿ!” ಎಂದು ಬೆಣ್ಣೆ ಹಿಂದಿನಿಂದ ಕೂಗಿದ.

“ಅದು ಓಡಿಸೋದಲ್ಲಪ್ಪ. ಸರಿಸೋದು.”

ಸಂಜೆ ಹೆಂಡತಿ ಕೇಳಿದಳು, “ಹೇಗಿತ್ತು ಗಾಡಿ?”

“ಯಾರು ಬೇಕಾದ್ರೂ ಓಡಿಸಬಹುದು” ಎಂದು ಅವನು ಗೋಡೆಯ ಕಡೆ ಮಗ್ಗುಲಾದ.

ನಿವೃತ್ತಿಯವರೆಗೂ ಆ ಕಾರನ್ನು ನಲ್ಲಿಗೆ ತಂದ, ನೆರಳಿಗೆ ಇಟ್ಟ. ಬೀಳ್ಕೊಡುಗೆಯ ದಿನ ಒಂದು ಗೋಡೆ ಗಡಿಯಾರ ಕೊಟ್ಟರು. ಮ್ಯಾನೇಜರು ಮಾತಾಡುತ್ತ, “ನಮ್ಮ ಶೆಡ್ಡಿನ ನಂಬಿಕಸ್ಥ ಕೆಲಸಗಾರ” ಎಂದರು. ಬೆಣ್ಣೆ ನೆಲ ನೋಡುತ್ತ ಕೂತಿದ್ದ. ಹಿಂದಿನ ಸಾಲಿನಿಂದ ಹೆಂಡತಿ ಎದ್ದು ನಿಂತು, “ಡ್ರೈವರ್ ಅನ್ನಿ” ಎಂದಳು.

“ಹೌದಮ್ಮ, ಹೌದು, ಮೊದಲು ಡ್ರೈವರೇ” ಎಂದು ಮ್ಯಾನೇಜರು ನಕ್ಕು, ಎಲ್ಲರೂ ಟೀ ಕುಡಿದು ಹೋಗಿ ಎಂದರು.