ಹಾಜರಿ ಕೂಗುತ್ತಿದ್ದ ಕಂಪ್ಯೂಟರ್

ಗೆಳೆಯರೇ, ಹೆಬ್ಬಾಳದಲ್ಲಿ ಇವತ್ತು ಒಂದು ವಾದ ಸೋತು ಬಂದಿದ್ದೇನೆ.

ನಾವು ಕೆಲವರು ಸೇರಿ ಶಾಲೆಗಳ ಹಳೆಯ ಕಂಪ್ಯೂಟರುಗಳಿಗಾಗಿ ವಿಂಡೋಸ್ ಬದಲಿಗೆ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಕನ್ನಡದ ಲಿನಕ್ಸ್ ಒಂದನ್ನು ಸಿದ್ಧಪಡಿಸುತ್ತೇವೆ. ಕಂಪ್ಯೂಟರ್ ಆನ್ ಆದಾಗ ಅದಕ್ಕೆ ಏನೇನು ಜೋಡಿಸಿದೆ ಎಂದು ಹುಡುಕುವ ಟೂಲ್ ಒಂದು ಅದರಲ್ಲಿತ್ತು. ಅದರ ಸಂದೇಶಗಳನ್ನು ಕನ್ನಡಕ್ಕೆ ತಂದವರು ನಂಜಪ್ಪ ಮೇಷ್ಟ್ರು. ಮೇಷ್ಟ್ರಲ್ಲವೇ, ತೆರೆಯ ಮೇಲೆ ಹಾಜರಿಯನ್ನೇ ಕೂಗಿಸಿಬಿಟ್ಟಿದ್ದರು: "ಕೀಬೋರ್ಡ್ ಬಂದವ್ನೆ. ಮೌಸ್ ಬಂದವ್ನೆ. ಪ್ರಿಂಟರ್ ಇವತ್ತೂ ಚಕ್ಕರ್." ಹೋದ ವರ್ಷ ಅವರು ತೀರಿಕೊಂಡರು.

ಇವತ್ತು ಆ ಟೂಲ್ ತೆಗೆದು ಹೊಸದನ್ನು ಹಾಕಬೇಕೆಂದು ಪಟ್ಟು ಹಿಡಿದವಳು ಅವರ ಮಗಳು ಶೈಲಜಾ. ನಮ್ಮ ಲಿನಕ್ಸನ್ನು ಪರೀಕ್ಷಿಸಿ ನೋಡುವವಳು ಅವಳೇ.

"ಅದು ಹಾಜರಿ ಕೂಗಿ ಮುಗಿಸೋ ಹೊತ್ಗೆ ಮಕ್ಳ ಪೀರಿಯಡ್ಡೇ ಮುಗ್ದೋಗುತ್ತೆ ಸಾರ್," ಎಂದಳು.

"ಹೋಗ್ಲಿ, ಹೊಸದ್ರಲ್ಲೂ ನಿಮ್ಮಪ್ಪನ ಸಾಲು ಇಟ್ಬುಡು ಕಣಮ್ಮ," ಎಂದೆ.

"ಎಲ್ಲಿಡ್ಲಿ? ಅದು ಮಾತೇ ಆಡಲ್ಲ. ಸುಮ್ನೆ ಕೆಲ್ಸ ಮಾಡ್ಕೊಂಡು ಹೋಗುತ್ತೆ."

"ಹಂಗಾದ್ರೆ ಹಳೇದೇ ಇರ್ಲಿ. ನಿಧಾನ ಆದ್ರೆ ಏನೀಗ? ಅವರ ನೆನಪು ಅಂತ ಅದೊಂದಾದ್ರೂ ಉಳೀಲಿ," ಎಂದು ನಾನು ದನಿ ಏರಿಸಿದೆ.

ಅವಳು ಕೀಬೋರ್ಡ್ ನೋಡುತ್ತಲೇ ಹೇಳಿದಳು: "ನಿಮಗೆ ಅಪರೂಪಕ್ಕೆ ನೆನಪಾಗೋದು ಸಾರ್. ನಾನು ದಿನಾ ಹತ್ತಾರು ಸಲ ಆನ್ ಮಾಡ್ಬೇಕು. ಆನ್ ಮಾಡ್ದಾಗೆಲ್ಲ ಅಪ್ಪ ಬರ್ತಾರೆ. ಹಾಜರಿ ಮುಗೀತಿದ್ದಂಗೆ ಹೋಗ್ಬುಡ್ತಾರೆ."

"ತೆಗೆದ್ಬುಡು ಕಣಮ್ಮ," ಎಂದೆ.

ಹೊಸ ಟೂಲ್ ಹಾಕಿದೆವು. ತೆರೆಯ ಮೇಲೆ ಒಂದಕ್ಷರವೂ ಬರಲಿಲ್ಲ. ಯಾವಾಗಲೂ ಚಕ್ಕರ್ ಹೊಡೆಯುತ್ತಿದ್ದ ಪ್ರಿಂಟರ್ ಮಾತ್ರ ಒಂದೇ ಸಲಕ್ಕೆ ಹಾಜರು. ಹಾಳಾದ್ದು, ಬೈಯೋಣವೆಂದರೆ ಒಂದು ತಪ್ಪನ್ನೂ ಮಾಡುತ್ತಿಲ್ಲ.