ಕಿಟೋದ ಬೆಟ್ಟದಲ್ಲಿ ನಾನು ಗುರುತಿಸದೇ ಹೋದ ಕಾಯಿಲೆ

2023ರಲ್ಲಿ ನಾನು ಐರ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ವೈದ್ಯ ಆಗಿದ್ದೆ. ದಾವಣಗೆರೆಯಲ್ಲಿ ಓದಿ ಈ ದೇಶಕ್ಕೆ ಬಂದು ಹದಿನೇಳು ವರ್ಷವಾಗಿತ್ತು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯನ್ನು ತಡಮಾಡದೆ ಗುರುತಿಸುವುದು ಹೇಗೆಂದು ಕಿರಿಯ ವೈದ್ಯರಿಗೆ ಪ್ರತಿವರ್ಷ ಪಾಠ ಹೇಳುತ್ತಿದ್ದವನು ನಾನೇ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಸುಸ್ತು, ತೂಕ ಇಳಿಯುವುದು. ಈ ನಾಲ್ಕು ಲಕ್ಷಣಗಳ ಪೋಸ್ಟರನ್ನು ಹೊರರೋಗಿ ವಿಭಾಗದ ಗೋಡೆಗೆ ಅಂಟಿಸಿದವನೂ ನಾನೇ.

ಆ ಜೂನಿನಲ್ಲಿ, ವಾಟರ್‌ಫರ್ಡ್‌ನ ನಮ್ಮ ಮನೆಯಲ್ಲಿ ಸೂಟ್‌ಕೇಸ್ ತುಂಬುತ್ತಿದ್ದಾಗ ಹೆಂಡತಿ ಸುಮನಾ ಕೇಳಿದಳು: “ರೀ, ಇಂಚರ ಈಚೆಗೆ ಎಷ್ಟು ನೀರು ಕುಡೀತಾಳೆ ನೋಡಿದ್ರಾ? ಅವಳ ಜೀನ್ಸ್ ಎಲ್ಲಾ ಸಡಿಲ ಆಗೋಗಿದೆ.”

ಇಂಚರ ನಮ್ಮ ಒಬ್ಬಳೇ ಮಗಳು, ಆಗ ಹನ್ನೆರಡು ವರ್ಷ. ಹಾಕಿಯನ್ನು ಹೋಲುವ ಕಮೋಗಿ ಎಂಬ ಇಲ್ಲಿನ ಆಟದ ಶಾಲಾ ತಂಡದಲ್ಲಿದ್ದಳು.

“ಟ್ರೇನಿಂಗ್ ಜಾಸ್ತಿ ಆಗಿದೆ ಕಣೇ. ಉದ್ದ ಬೇರೆ ಆಗ್ತಿದಾಳೆ. ಶಿ ಈಸ್ ಗ್ರ್ಯಾಂಡ್,” ಅಂದೆ, ಏನೂ ಆಗಿಲ್ಲ ಎನ್ನಲು ಇಲ್ಲಿನವರು ಬಳಸುವ ಮಾತಿನಲ್ಲಿ. ಲ್ಯಾಪ್‌ಟಾಪಿನಿಂದ ತಲೆ ಎತ್ತಿದ ನೆನಪಿಲ್ಲ.

ಗಲಾಪಗೋಸ್ ದ್ವೀಪಗಳ ಆಮೆಗಳನ್ನು ನೋಡಬೇಕೆಂಬುದು ಇಂಚರಳ ಆಸೆ. ದಾರಿಯಲ್ಲಿ ಈಕ್ವೆಡಾರ್‌ನ ರಾಜಧಾನಿ ಕಿಟೋದಲ್ಲಿ ಮೂರು ದಿನ ಉಳಿದೆವು. ಆ ಊರು ಸಮುದ್ರ ಮಟ್ಟದಿಂದ 2,850 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಹೊಸಬರಿಗೆ ತಲೆನೋವು, ವಾಂತಿ, ಏದುಸಿರು ಸಾಮಾನ್ಯ. ಅದನ್ನು ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯಿದೆ. ಮೂವರಿಗೂ ನಾನೇ ಕೊಟ್ಟೆ. ಅದನ್ನು ತೆಗೆದುಕೊಂಡವರಿಗೆ ಮೂತ್ರ ಹೆಚ್ಚಾಗುತ್ತದೆ, ಉಸಿರಾಟ ಚುರುಕಾಗುತ್ತದೆ. ಹೀಗಾಗಿ ಇಂಚರಳಲ್ಲಿ ಏನು ಕಂಡರೂ ನನ್ನ ಬಳಿ ಉತ್ತರ ಸಿದ್ಧವಿತ್ತು: ಒಂದೋ ಬೆಟ್ಟ, ಇಲ್ಲವೇ ಮಾತ್ರೆ.

ಮೂರನೆಯ ದಿನ ಕೊಟೊಪಾಕ್ಸಿ ಎಂಬ ಹಿಮಾವೃತ ಜ್ವಾಲಾಮುಖಿ ನೋಡಲು ಪ್ರವಾಸಿ ವ್ಯಾನಿನಲ್ಲಿ ಹೊರಟೆವು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಹಿಂತಿರುಗುವ ಪ್ರವಾಸ. ಮರಿಸೋಲ್ ಎಂಬ ಹೆಂಗಸು ಗೈಡ್. ಇಂಚರಳಿಗಾಗಿ ವ್ಯಾನನ್ನು ಮೂರು ಸಲ ನಿಲ್ಲಿಸಬೇಕಾಯಿತು. ಎರಡು ಸಲ ಶೌಚಕ್ಕೆ, ಒಂದು ಸಲ ವಾಂತಿಗೆ.

“ರೀ, ಇದು ಬರೀ ಬೆಟ್ಟದ ತೊಂದ್ರೆ ಅಲ್ಲ ಅನ್ಸುತ್ತೆ. ಮನೇಲಿದ್ದಾಗ್ಲೇ ಶುರುವಾಗಿತ್ತಲ್ಲ,” ಎಂದಳು ಸುಮನಾ.

“ಡಾಕ್ಟರ್ ನಾನೋ, ನೀನೋ?”

ವ್ಯಾನಿನಲ್ಲಿದ್ದ ಉಳಿದವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎದುರಿನ ಸೀಟಿನ ಮುದುಕಿಯೊಬ್ಬಳು ತಿರುಗಿ ನನ್ನನ್ನು ನೋಡಿ, ಮತ್ತೆ ಕಿಟಕಿಯತ್ತ ಮುಖ ಮಾಡಿದಳು.

3,800 ಮೀಟರ್ ಎತ್ತರದ ಕೆರೆಯೊಂದರ ಬಳಿ ಇಳಿದೆವು. ಇಂಚರ ಹತ್ತು ಹೆಜ್ಜೆ ನಡೆದು ಕಲ್ಲಿನ ಮೇಲೆ ಕೂತಳು. “ಐಯಾಮ್ ವ್ರೆಕ್ಡ್, ಡ್ಯಾಡ್. ಮೈ ಟಮ್ಮೀಸ್ ಕಿಲ್ಲಿಂಗ್ ಮಿ,” ಎಂದಳು, ಪೂರ್ತಿ ಸುಸ್ತಾಗಿದೆ, ಹೊಟ್ಟೆ ತಡೆಯಲಾಗದಷ್ಟು ನೋಯುತ್ತಿದೆ ಎಂದು. ಅವಳ ಉಸಿರು ಎಣಿಸಿದೆ: ನಿಮಿಷಕ್ಕೆ ಮೂವತ್ತಾರು, ಅದೂ ಆಳವಾಗಿ. ಗಾಳಿ ತೆಳುವಾಗಿದೆ ಎಂದುಕೊಂಡು ಇನ್ನೊಂದು ಮಾತ್ರೆ ನುಂಗಿಸಿದೆ.

ಮರಿಸೋಲ್ ಅವಳಿಗೆ ಕಂಬಳಿ ಹೊದಿಸಲು ಬಗ್ಗಿದವಳು ಹಾಗೇ ನಿಂತಳು. ಮುಖದ ಹತ್ತಿರ ಮುಖ ತಂದು ಮೂಸಿದಳು. ಆಮೇಲೆ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದಳು: “ಸರ್, ಇವಳ ಉಸಿರು ಕೊಳೆತ ಸೇಬಿನ ಥರ ವಾಸನೆ ಬರ್ತಿದೆ. ನನ್ನ ತಮ್ಮನಿಗೂ ಹೀಗೇ ಆಗಿತ್ತು. ಶುಗರ್.”

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಗೈಡ್ ಒಬ್ಬಳು ನನಗೆ ಹೇಳಿಕೊಡುವುದೇ ಎಂಬ ಸಿಟ್ಟು. ಕೆಲವೇ ಕ್ಷಣ ಇರಬಹುದು, ಆದರೆ ಇತ್ತು. ಆಮೇಲೆ ಬಗ್ಗಿದೆ. ಅದೇ ವಾಸನೆ. ಬೆಳಗಿನಿಂದ ಮಗಳು ನನ್ನ ಭುಜಕ್ಕೆ ಒರಗಿಯೇ ಕೂತಿದ್ದಳು.

ಇನ್ಸುಲಿನ್ ಇಲ್ಲದ ದೇಹ ಸಕ್ಕರೆ ಬಳಸಲಾಗದೆ ಕೊಬ್ಬನ್ನು ಉರಿಸುತ್ತದೆ. ಆಗ ರಕ್ತದಲ್ಲಿ ಆಮ್ಲ ತುಂಬುತ್ತದೆ. ಇದಕ್ಕೆ ಕೀಟೋಆಸಿಡೋಸಿಸ್ ಎನ್ನುತ್ತಾರೆ. ತಡವಾದರೆ ಮಗು ಉಳಿಯುವುದಿಲ್ಲ. ನಾನು ಕೊಟ್ಟ ಮಾತ್ರೆ ಆ ಆಮ್ಲವನ್ನು ಇನ್ನಷ್ಟು ಹೆಚ್ಚಿಸುವಂಥದ್ದು.

ವ್ಯಾನನ್ನು ಕೂಡಲೇ ಹಿಂದಕ್ಕೆ ತಿರುಗಿಸಿದಾಗ ಸಹಪ್ರಯಾಣಿಕರು ಯಾರೂ ಗೊಣಗಲಿಲ್ಲ. ಎಲ್ಲರ ಪ್ರವಾಸವೂ ಅಲ್ಲಿಗೇ ಮುಗಿಯಿತು. ಐವತ್ತು ನಿಮಿಷ ಕೆಳಗಿಳಿದು ಒಂದು ಸಣ್ಣ ಆರೋಗ್ಯ ಕೇಂದ್ರ ಸೇರಿದೆವು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 512. ಇನ್ನೂರು ದಾಟಿದರೇ ನಾವು ಮಗುವನ್ನು ಆಸ್ಪತ್ರೆಗೆ ಕರೆಸಿಕೊಳ್ಳುತ್ತೇವೆ. ಡ್ರಿಪ್ ಹಾಕಿ ಆಂಬುಲೆನ್ಸಿನಲ್ಲಿ ಕಿಟೋಗೆ ಕಳಿಸಿದರು.

ಅಲ್ಲಿನ ತುರ್ತು ಚಿಕಿತ್ಸೆಯ ಯುವ ವೈದ್ಯೆ, ಈ ಮಾತ್ರೆ ಯಾರು ಬರೆದುಕೊಟ್ಟದ್ದು ಎಂದು ಕೇಳಿದಳು. ನಾನೇ ಎಂದೆ. ಉದ್ಯೋಗ? ವೈದ್ಯ. ಯಾವ ವಿಭಾಗ? ಮಕ್ಕಳದ್ದು. ಅವಳ ಪೆನ್ನು ಒಂದು ಗಳಿಗೆ ನಿಂತು ಮತ್ತೆ ಬರೆಯತೊಡಗಿತು. ಏನಾದರೂ ಅಂದಿದ್ದರೆ ಹಗುರಾಗುತ್ತಿತ್ತೇನೋ.

ಇಂಚರ ಐಸಿಯುನಲ್ಲಿ ಎರಡು ದಿನ ಇದ್ದಳು. ಮೂರನೆಯ ದಿನ ವಾರ್ಡಿಗೆ ಬಂದ ಮೇಲೆ, “ಡ್ಯಾಡ್, ಹೌ ಡಿಡ್ ಯು ನಾಟ್ ನೋ?” ಎಂದು ಕೇಳಿದಳು. ದೂರು ಇರಲಿಲ್ಲ ಆ ದನಿಯಲ್ಲಿ, ಅಚ್ಚರಿ ಮಾತ್ರ. ಬೆಟ್ಟದ ನೆಪ ಹೇಳಬಹುದಿತ್ತು. ಅವಳು ನಂಬುತ್ತಿದ್ದಳು ಕೂಡ.

“ಗೊತ್ತಾಗ್ಬೇಕಿತ್ತು ಕಂದ. ಅಮ್ಮ ಎರಡು ಸಲ ಹೇಳಿದ್ಲು. ನಾನು ಕೇಳಿಸ್ಕೊಳ್ಳಲಿಲ್ಲ.”

ಸುಮನಾ ಹಾಸಿಗೆಯ ಆ ಬದಿಯಲ್ಲಿದ್ದಳು. ‘ನಾನು ಹೇಳಿರಲಿಲ್ವಾ’ ಎಂದು ಅವಳು ಅವತ್ತೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಅವಳು ಕೇಳಿದ್ದು ಬೇರೆ: “ಆಸ್ಪತ್ರೇಲಿ ಬೇರೆ ತಾಯಂದಿರು ಹೇಳಿದ್ರೂ ಹೀಗೇ ಮಾಡ್ತೀರಾ?”

ಹದಿನೇಳು ವರ್ಷದಲ್ಲಿ ಎಷ್ಟು ಜನರನ್ನು ‘ಶಿ ಈಸ್ ಗ್ರ್ಯಾಂಡ್’ ಎಂದು ಬೆನ್ನು ತಟ್ಟಿ ಕಳಿಸಿದ್ದೆ? ಅವರಲ್ಲಿ ಯಾರು ಬೇರೆ ಆಸ್ಪತ್ರೆಗೆ ಓಡಬೇಕಾಯಿತು? ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಆಮೆಗಳನ್ನು ನೋಡದೆ ವಾಪಸಾದೆವು. ಸೆಪ್ಟೆಂಬರಿನಲ್ಲಿ, ಮಗಳ ಒಪ್ಪಿಗೆ ಪಡೆದು, ಈ ಕೇಸನ್ನು ನಮ್ಮ ವಿಭಾಗದ ಸಭೆಯಲ್ಲಿ ಮುಂದಿಟ್ಟೆ. ತಂದೆ ಯಾರೆಂಬುದನ್ನೂ ಹೇಳಿದೆ. ಹೊಸದಾಗಿ ಸೇರಿದ್ದ ತರುಣಿಯೊಬ್ಬಳು ತಡವರಿಸುತ್ತಾ, ತಾಯಿಯ ಮಾತನ್ನು ಯಾಕೆ ಪರಿಗಣಿಸಲಿಲ್ಲ ಎಂದು ಕೇಳಿದಳು. ಎತ್ತರ, ಮಾತ್ರೆ, ಆಟ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. “ಅವಳಿಗಿಂತ ನನಗೆ ಹೆಚ್ಚು ಗೊತ್ತು ಅಂದುಕೊಂಡಿದ್ದೆ,” ಎಂದೆ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಕಾಯಿಲೆ ನಮಗೆ ಗೊತ್ತಿರಬಹುದು, ಆದರೆ ಆ ಮಗು ಗೊತ್ತಿರುವುದು ದಿನಾ ಅದನ್ನು ನೋಡುವವರಿಗೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪಾಠದಲ್ಲಿ ಹೇಳಿದ್ದೆ, ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಕೇಳಿದ್ದೆ. ಕಲಿತದ್ದು ಮಾತ್ರ ನನ್ನ ಮಗಳ ಜೀವವನ್ನು ಪಣಕ್ಕಿಟ್ಟ ಮೇಲೆ.