ನೊಗದ ಮೇಲಿನ ಕೈ

ಹಿರೇಕೊಪ್ಪದ ಉಚ್ಚಂಗಪ್ಪನಿಗೆ ಎರಡು ಊರಲ್ಲಿ ಎರಡು ಒಲೆ. ಒಂದು ಶಿರಾಳಕೊಪ್ಪದ ಮಗ್ಗುಲಿನ ಹಿರೇಕೊಪ್ಪದಲ್ಲಿ, ತಾನೇ ಹಚ್ಚಿ ತಾನೇ ಊದಿಕೊಳ್ಳುವುದು. ಇನ್ನೊಂದು ಸೊರಬದ ಕಡೆ ಕುಬಟೂರಿನಲ್ಲಿ, ಮಗಳು ವರದಮ್ಮನ ಮನೆಯಲ್ಲಿ, ಹೆಂಡತಿ ಹೂವಮ್ಮ ಹಚ್ಚುವುದು. ಅಳಿಯ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಹೋದವಳು ಅಲ್ಲೇ ಉಳಿದಳು. ಅಲ್ಲಿ ನೇಗಿಲು ಹಿಡಿಯಲು ಗಂಡಸಿಲ್ಲ. ಇಲ್ಲಿ ಉಚ್ಚಂಗಪ್ಪ ಹೊರಡುವಂತಿಲ್ಲ. ಯಾಕಪ್ಪಾ ಅಂದರೆ ಮಾಡಿದ್ದುಣ್ಣೋ ಮಹರಾಯ, ಕಟ್ಟಿಹಾಕಿದ ಹಗ್ಗ ಅವನೇ ಹೊಸೆದದ್ದು.

ಆ ಊರಿನಲ್ಲಿ ಒಕ್ಕಲು ಬಂಧುಗಳ ಸಂಘ ಅಂತ ಒಂದಿತ್ತು. ಕೆರೆ ಏರಿ ಒಡೆದ ವರ್ಷ ಸರ್ಕಾರದ ದಾರಿ ಕಾದು ಕಾದು ಸಾಕಾಗಿ, ಊರವರೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿ ಕಟ್ಟಿದರು. ಸಂಘ ಹುಟ್ಟಿದ್ದು ಆಗ. ಯಾರ ಎತ್ತು ಸತ್ತರೂ ಉಳಿದವರ ಎತ್ತು ಅವರ ಗದ್ದೆಗಿಳಿಯಬೇಕು, ಸಾವಾದ ಮನೆಯ ಆ ವರ್ಷದ ನಾಟಿ ಸಂಘದ್ದು. ಮದುವೆಗೆಂದು ಹಂಡೆ ಕೊಪ್ಪರಿಗೆ ಕೊಂಡರು, ಶಾಲೆಗೆ ಒಂದು ಕೋಣೆ ಎಬ್ಬಿಸಿದರು. ಜಗಳವನ್ನೂ ಆಡುತ್ತಿದ್ದರು. ಅಣ್ಣತಮ್ಮಂದಿರು ಅಂದ ಮೇಲೆ ಅದಿಲ್ಲದಿದ್ದರೆ ಹೇಗೆ? ಎತ್ತಿಗೆ ನೊಗ ಹೂಡದ ಸೋಮವಾರ ಏರಿಯ ಮೇಲೆ ಸಭೆ. ನಡುವೆ ಒಂದು ಹಳೇ ನೊಗ ಇಟ್ಟಿರುತ್ತಿದ್ದರು. ಸಂಘಕ್ಕೆ ಸೇರುವವರು ಅದನ್ನು ಮುಟ್ಟಿ ಮಾತು ಕೊಡಬೇಕು.

ಐವತ್ತೈದನೇ ಇಸವಿಯಲ್ಲಿ ಮಳೆ ಕೈಕೊಟ್ಟು ಕೆರೆ ಅರ್ಧಕ್ಕೆ ನಿಂತಿತು. ಸಂಘದ ಅಧ್ಯಕ್ಷ ಪರಮಶಿವಪ್ಪನ ಗದ್ದೆ ತೂಬಿನ ಬುಡಕ್ಕೇ ಇತ್ತು. ಈ ವರ್ಷ ನೀರು ಮೇಲಿನ ಗದ್ದೆಗಳಿಗೆ ಮಾತ್ರ ಅಂತ ಅವನು ಹೇಳಿದ, ಹೆಚ್ಚಿನವರು ತಲೆ ಆಡಿಸಿದರು. ಕಾಲುವೆಯ ಕಟ್ಟಕಡೆಯ ಗದ್ದೆ ಮಾಸ್ತಮ್ಮನದು. ಗಂಡ ಕೆಂಪಪ್ಪ ಸತ್ತ ಮೇಲೆ ಸಂಘದಲ್ಲಿ ಅವನ ಜಾಗ ಅವಳಿಗೆ ಬಂದಿತ್ತು. ಸೆರಗು ಹೊದ್ದು ಅಂಚಿನಲ್ಲಿ ಕೂತಿದ್ದವಳು ಒಂದೇ ಸಮನೆ ಅಳತೊಡಗಿದಳು. ಉಚ್ಚಂಗಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬಂಧುಗಳು ಅಂತ ಹೆಸರಿಟ್ಟುಕೊಂಡ ಮೇಲೆ ಒಬ್ಬರ 'ಬೇಡ'ಕ್ಕೂ ಬೆಲೆ ಇರಬೇಕು ಅಂದ. ಬೇಡ ಅನ್ನುವವರು ಬಂದು ನೊಗದ ಮೇಲೆ ಕೈ ಇಡಲಿ, ಕಾರಣ ಕೇಳುವುದು ಬೇಡ, ಮಾತು ಅಲ್ಲಿಗೆ ಮುರಿಯಲಿ. ಮಧ್ಯಾಹ್ನದವರೆಗೆ ವಾದ ನಡೆದು ಕಟ್ಟಳೆ ಆಯಿತು, ನೀರು ಎಲ್ಲ ಗದ್ದೆಗೂ ಅಂತ ಉಳಿಯಿತು. ಆ ಕ್ಷಣವೇ ಯಾರೋ, ಇಷ್ಟು ನ್ಯಾಯ ಬಲ್ಲವನೇ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ ಆಗಲಿ ಅಂದರು. ಹೊಗಳಿ ಅಟ್ಟಕ್ಕೇರಿಸುವುದು ಅಂದರೆ ಇದೇ. ಉಚ್ಚಂಗಪ್ಪ ಉಬ್ಬಿಹೋಗಿ ಒಪ್ಪಿಕೊಂಡ.

ತೂಬು ತೆಗೆದ ದಿನದಿಂದ ಕೊಯ್ಲಿನವರೆಗೆ ನೀರುಗಂಟಿ ಊರ ಗಡಿ ದಾಟುವಂತಿಲ್ಲ. ಸ್ವಂತ ಗದ್ದೆಯನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಅಳಿಯ ಗಾಡಿಯಿಂದ ಬಿದ್ದದ್ದು ಇದೆಲ್ಲ ಆದ ಮೇಲೆ. ಬೇಸಿಗೆಯಲ್ಲಿ ಬೇಕಾದಲ್ಲಿಗೆ ಹೋಗಬಹುದಿತ್ತು, ಆದರೆ ಬೇಸಿಗೆಯಲ್ಲಿ ಕುಬಟೂರಿಗೆ ಹೋಗಿ ಮಾಡುವುದೇನು? ಅಲ್ಲಿಯ ಉಳುಮೆಯೂ ಇಲ್ಲಿಯ ನೀರೂ ಒಂದೇ ಕಾಲಕ್ಕೆ.

ಐವತ್ತೆಂಟರ ಯುಗಾದಿ ಕಳೆದ ಸೋಮವಾರ ಅವನು ಬಿಡುಗಡೆ ಕೇಳಿದ. ಎಲ್ಲರೂ ಅಯ್ಯೋ ಪಾಪ ಅಂದರು, ಹೋಗಿ ಬಾ ಅಂದರು. ಮಾಸ್ತಮ್ಮ ಎದ್ದು ಬಂದು ನೊಗದ ಮೇಲೆ ಕೈ ಇಟ್ಟಳು.

ಸಭೆ ಮುಗಿದ ಮೇಲೆ ಅವನು ಅವಳ ದಾರಿಗೆ ಅಡ್ಡ ನಿಂತ. ಅವಳು ಮುಖ ಎತ್ತಲಿಲ್ಲ.

"ನೀವು ಹೋದ್ರೆ ನನ್ನ ಗದ್ದಿಗೆ ನೀರು ಬರಂಗಿಲ್ಲ, ಉಚ್ಚಂಗಣ್ಣ. ನಿಮ್ಮ ಮಗಳಿಗೆ ನೀವದೀರಿ. ನಂಗ್ಯಾರದಾರ್ರೀ?"

ಅವನು ದಾರಿ ಬಿಟ್ಟ. ಆ ವರ್ಷವೆಲ್ಲ ಕಾಲುವೆಯ ಮೇಲೆ ನಡೆಯುವಾಗ ಅವಳ ಮೇಲೆ ಕೆಂಡದಂಥ ಸಿಟ್ಟು ಬರುತ್ತಿತ್ತು. ಹಾಗಂತ ಅವಳ ಪಾಲಿನ ನೀರಿಗೆ ಒಂದು ಗುದ್ದಲಿ ಮಣ್ಣು ಅಡ್ಡ ಹಾಕಲಿಲ್ಲ. ಅದೇ ಅವನ ದೊಡ್ಡ ರೋಗ.

ಮರುವರ್ಷ ಯುಗಾದಿಯ ಹೊತ್ತಿಗೆ ಪರಮಶಿವಪ್ಪ ತಾನಾಗಿ ಅವನ ಜಗುಲಿಗೆ ಬಂದ. ಎಲೆ ಅಡಿಕೆ ಹಾಕಿಕೊಂಡು, ಕುಬಟೂರಿನ ಕಷ್ಟವನ್ನೆಲ್ಲ ವಿಚಾರಿಸಿದ. ಆಮೇಲೆ ಬಂದ ಕೆಲಸ ಹೇಳಿದ. ಆ ಕೈ ಇಡುವ ಕಟ್ಟಳೆಯನ್ನೇ ತೆಗೆದುಹಾಕಿ, ಹೆಚ್ಚು ಮಂದಿ ಅಂದದ್ದೇ ಸಂಘದ ಮಾತು ಅಂತ ಮಾಡೋಣ. ಅದೇ ಸಭೆಯಲ್ಲಿ ನಿಮ್ಮನ್ನು ಬಿಡಿಸಿ ನನ್ನ ಭಾವಮೈದ ಆನಂದಪ್ಪನನ್ನು ನೀರುಗಂಟಿ ಮಾಡೋಣ. ಮಾಸ್ತಮ್ಮ ಮಗಳ ಬಾಣಂತನಕ್ಕೆ ಸೊರಬಕ್ಕೆ ಹೋಗಿದ್ದಾಳೆ, ತಡೆಯುವವರು ಯಾರೂ ಇಲ್ಲ.

"ನೀವೊಬ್ರು ಸುಮ್ನೆ ಕುಂತ್ರೆ ಸಾಕ್ರೀ," ಅಂದ.

ಸುಮ್ಮನೆ ಕೂರುವುದು ಎಷ್ಟು ಸುಲಭ! ಉಚ್ಚಂಗಪ್ಪ ಅಂದೇ ಬಟ್ಟೆ ಗಂಟು ಕಟ್ಟಿದ. ಒಲೆಯ ಬೂದಿ ಬಾಚಿ ಸುರಿದ. ಮೊಮ್ಮಗನಿಗೆ ಶಿರಾಳಕೊಪ್ಪದ ಸಂತೆಯಿಂದ ತಂದ ಮಿಠಾಯಿಯನ್ನೂ ಗಂಟಿನಲ್ಲಿ ಸೇರಿಸಿದ. ಹೊರಡುವ ಸಂತೋಷಕ್ಕೆ ಎಷ್ಟೋ ದಿನದ ಮೇಲೆ ಶಿಳ್ಳೆ ಹಾಕಿದ.

ಸೋಮವಾರ ಎಲ್ಲರೂ ಏರಿಯ ಮೇಲೆ ಕೂತರು. ಪರಮಶಿವಪ್ಪ ಮಾತು ಮುಗಿಸಿ, ಬೇಡ ಅನ್ನುವವರು ಯಾರಾದರೂ ಇದ್ದೀರಾ ಅಂತ ಕೇಳಿದ. ಉಚ್ಚಂಗಪ್ಪ ಚೌಡಪ್ಪನ ಕಡೆ ನೋಡಿದ. ಮಾಸ್ತಮ್ಮನ ಗದ್ದೆಯ ಪಕ್ಕದ ಗದ್ದೆ ಚೌಡಪ್ಪನದು, ಅವನಿಗೂ ನೀರು ತಪ್ಪುವುದೇ. ಏಳು ಮಾರಾಯ, ನೀನಾದರೂ ಏಳು ಅಂತ ಮನಸ್ಸಿನಲ್ಲೇ ಬೇಡಿಕೊಂಡ. ಪರಮಶಿವಪ್ಪನ ಎತ್ತಿನಲ್ಲಿ ಉಳುಮೆ ಮಾಡುವ ಚೌಡಪ್ಪ ಹುಲ್ಲು ಕೀಳುತ್ತಾ ಕೂತಿದ್ದ. ಉಳಿದವರು ಕೆರೆ ನೋಡುತ್ತಿದ್ದರು. ಅತ್ತ ದರಿ ಇತ್ತ ಪುಲಿ. ಉಚ್ಚಂಗಪ್ಪನಿಗೆ ಹೂವಮ್ಮನ ಸೋತ ಮುಖ ನೆನಪಾಯಿತು. ಕೂತೇ ಇರಬೇಕು ಅಂದುಕೊಂಡ, ಹಲ್ಲು ಕಚ್ಚಿ ಕೂತ. ಆಮೇಲೆ ಎದ್ದು ಹೋಗಿ ನೊಗದ ಮೇಲೆ ಕೈ ಇಟ್ಟ.

ಪರಮಶಿವಪ್ಪನ ಮುಖ ಕಪ್ಪಿಟ್ಟಿತು. "ನಿಮಗ ಬುದ್ಧಿ ಐತೇನ್ರೀ? ಯಾಕ?" ಅಂದ.

"ಕಾರಣ ಕೇಳಂಗಿಲ್ರೀ," ಅಂದ ಉಚ್ಚಂಗಪ್ಪ.

ಮೂರನೇ ದಿನ ಮಾಸ್ತಮ್ಮ ಸೊರಬದ ಬಸ್ಸಿಳಿದು ಬಂದಳು. ಏರಿಯ ಮೇಲೆ ನಡೆದದ್ದು ಅವಳಿಗೆ ಯಾರೂ ಹೇಳಿರಲಿಲ್ಲ. ಉಚ್ಚಂಗಪ್ಪ ಕಂಡ ಕೂಡಲೇ, ಹೋದ ವರ್ಷ ತನ್ನ ಗದ್ದೆಗೆ ನೀರು ತಡವಾಗಿ ಬಂತು, ಈ ವರ್ಷವಾದರೂ ಸ್ವಲ್ಪ ನಿಗಾ ಇಡಿ ಅಂತ ಗದರಿದಳು. ಅವನು ಹೂಂ ಅಂದ.

ಆ ವಾರ ಚೌಡಪ್ಪ ಎತ್ತು ನೋಡಲು ಕುಬಟೂರಿಗೆ ಹೊರಟಿದ್ದ. ಗಂಟಿನಿಂದ ಮಿಠಾಯಿ ಪೊಟ್ಟಣ ಬಿಚ್ಚಿಕೊಟ್ಟು, ಈ ವರ್ಷವೂ ಬರಲಾಗುವುದಿಲ್ಲ ಅಂತ ಹೂವಮ್ಮನಿಗೆ ತಿಳಿಸು ಅಂತ ಉಚ್ಚಂಗಪ್ಪ ಹೇಳಿ ಕಳಿಸಿದ. ಅವಳು ಏನನ್ನುತ್ತಾಳೋ ಅಂತ ಎರಡು ದಿನ ಊಟ ಸೇರಲಿಲ್ಲ. ಅತ್ತಳೋ, ಬೈದಳೋ. ಬೈದಿದ್ದರೆ ಒಳ್ಳೆಯದು ಅನ್ನಿಸುತ್ತಿತ್ತು.

ಚೌಡಪ್ಪ ವಾಪಸು ಬಂದು ತೂಬಿನ ಹತ್ತಿರ ಅವನ ಪಕ್ಕ ಕೂತ. ಅವನ ಮುಖ ನೋಡಲು ಚೌಡಪ್ಪನಿಗೂ ನಾಚಿಕೆ.

"ಏನಂದ್ಲು?"

"ಏನೂ ಅನ್ಲಿಲ್ಲ ಕಣಣ್ಣ. ಯುಗಾದಿಗಿಂತ ಮುಂಚೇನೇ ಉಳುಮೆಗೆ ಆಳು ಗೊತ್ತು ಮಾಡೇನಿ, ನಾನೇನು ಅವರ ದಾರಿ ನೋಡ್ತಿರ್ಲಿಲ್ಲ ಅಂತ ಹೇಳು ಅಂದ್ರು."

ಉಚ್ಚಂಗಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಚೌಡಪ್ಪ ಎದ್ದು ಹೋಗಲಿಲ್ಲ.